ದುರಗಮ್ಮನ ಫುಟ್‌ಹಿಲ್ಸ್

ಹನುಮಸಾಗರದ ನಮ್ಮ ಕಣವನ್ನು ವರ್ಷವರ್ಷ ಸಗಣಿಯಿಂದ ಸಾರಿಸಿ, ಕಾಳು ಹಸನು ಮಾಡಿಕೊಡುತ್ತಿದ್ದವಳು ದುರಗಮ್ಮ. ನಮ್ಮಣ್ಣ ಅಮರಪ್ಪನೆಂದರೆ ಮನೆಮಂದಿಗೆಲ್ಲ ನಡುಕ. ಅವನ ಜಿಪುಣತನಕ್ಕೆ ಮುಖದ ಮೇಲೇ ನಗುತ್ತಿದ್ದವಳು ಅವಳೊಬ್ಬಳೇ.

೧೯೪೨ರ ಸುಗ್ಗಿಯಲ್ಲಿ ಜೋಳದ ರಾಶಿ ಆಳೆತ್ತರ ಬಿದ್ದಿತ್ತು. ಅದರ ಬುಡದಲ್ಲಿ, ದುಡಿದವರ ಪಾಲಿಗೆ ಅಣ್ಣ ಹಾಕಿಸಿದ್ದ ಸಣ್ಣ ಸಣ್ಣ ಗುಡ್ಡೆಗಳು. ಸಾಲಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನ್ನ ಬಾಯಿ ಸುಮ್ಮನಿರಲಿಲ್ಲ.

"ದೊಡ್ಡ ಬೆಟ್ಟದ ಬುಡಕ್ಕಿರೋ ಸಣ್ಣ ಗುಡ್ಡಗಳಿಗೆ ಇಂಗ್ಲಿಷಿನ್ಯಾಗ ಫುಟ್‌ಹಿಲ್ಸ್ ಅಂತಾರ. ಇಕಾ, ಹಿಂಗ ಇರತಾವ ನೋಡ್ರಿ," ಎಂದೆ.

ದುರಗಮ್ಮ ತನ್ನ ಪಾಲಿನ ಗುಡ್ಡೆಯನ್ನು ದಿಟ್ಟಿಸಿದಳು. "ಮಾಸ್ತರ್ರ, ಆ ಗುಡ್ಡದ ಮ್ಯಾಲೆ ಮನಶ್ಯಾರು ಹತ್ತತಾರೇನ್ರಿ?"

"ಹತ್ತತಾರ. ಕುರಿ ಮೇಯಸ್ತಾರ, ಗುಡಿ ಕಟ್ಟತಾರ."

"ಹಂಗಾರ ಇದು ಫುಟ್‌ಹಿಲ್ಸ್ ಅಲ್ಲ ಬಿಡ್ರಿ, ಇರುವಿ ಗೂಡು," ಎಂದವಳೇ ಅಣ್ಣನ ಕಣ್ಣೆದುರು ರಾಶಿಗೆ ಮೊರ ಹಾಕಿ, ತುಂಬ ತುಂಬ ತನ್ನ ಕಡೆ ಸುರುವಿಕೊಂಡಳು. ಉಳಿದವರೂ ನಗುತ್ತ ಮೊರ ಎತ್ತಿದರು.

ಅಷ್ಟು ಜನರನ್ನು ಬೈಯಲಾಗದೆ ಅಣ್ಣ ನನ್ನ ಮೇಲೆ ಹರಿಹಾಯ್ದ. "ನಿನ್ನ ಇಂಗ್ಲಿಷು ಸಾಲ್ಯಾಗ ಇಟಗೋ! ಕಣಕ್ಕ ತರಬ್ಯಾಡ!"

ಮರುವರ್ಷ ರಾಶಿಯ ದಿನ ನಾನು ಮನೆಯಲ್ಲೇ ಉಳಿದೆ. ಬಾಗಿಲಿಗೆ ದುರಗಮ್ಮ ಬಂದಳು, ಕಂಕುಳಲ್ಲಿ ಹೋದ ವರ್ಷದ್ದಕ್ಕಿಂತ ದೊಡ್ಡ ಮೊರ.

"ಮಾಸ್ತರ್ರ, ಲಗೂನ ಬರ್ರಿ. ಎಲ್ಲಾರೂ ಇಂಗ್ಲಿಷ್ ಕಲಿಯಾಕ ಕಾಯಾಕತ್ತ್ಯಾರ."