ಅಫಜಲಪುರದಲ್ಲಿ ಬೀಳದ ಮಳೆ

ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಆಳಂದದ ನಮ್ಮ ಓಣಿಯಲ್ಲಿ ನನ್ನಷ್ಟು ಚೆಂದ ಕೌದಿ ಹೊಲಿಯುವವರು ಇರಲಿಲ್ಲ. ಹಳೆ ಸೀರೆಯ ತುಂಡುಗಳ ನಡುವೆ ಬೆರಳಗಲ ಜಾಗ ಕಂಡರೂ ಕೈ ತಾನಾಗಿ ಎಳೆದು ಕೂಡಿಸುತ್ತಿತ್ತು. ಅದೇ ಕೈ ನನ್ನ ತಮ್ಮನ ನೌಕರಿಗೆ ಕುತ್ತು ತಂದಿತು.

ತೊಂಬತ್ತರ ದಶಕದ ಮಾತು. ತೊಗರಿಯ ನೆಟೆ ರೋಗ ಅಭ್ಯಾಸ ಮಾಡುವ ಕಚೇರಿಯಲ್ಲಿ ಅವನು ಹಂಗಾಮಿ ನೌಕರ. ಆಳಂದ, ಅಫಜಲಪುರ, ಜೇವರ್ಗಿಯ ದಿನದಿನದ ಮಳೆಯನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು. ಭಾನುವಾರ ನಾನು ಬುತ್ತಿ ಒಯ್ದು, ಅವನು ಓದಿದ ಅಂಕಿಗಳನ್ನು ಒತ್ತುತ್ತಿದ್ದೆ. ದಿನಕ್ಕೊಂದು ಸಾಲು, ಮೊದಲ ಅಂಕಿ ಆಳಂದದ್ದು, ನಡುವಿನದು ಅಫಜಲಪುರದ್ದು, ಕೊನೆಯದು ಜೇವರ್ಗಿಯದು. ಅಳೆಯುವವನು ಬಾರದ ದಿನ ಆ ಊರಿನ ಜಾಗ ಖಾಲಿ.

ಒಮ್ಮೆ ಅವನು ಚಹಾ ಕುಡಿಯಲು ಹೋದಾಗ, ಹತ್ತು ಸಾಲುಗಳಲ್ಲಿ ನಡುವಿನ ಜಾಗ ಬರಿದಾಗಿದ್ದು ಕಂಡೆ. ಕೊನೆಯ ಅಂಕಿಯನ್ನು ಎಳೆದು ನಡುವಿನ ಜಾಗಕ್ಕೆ ಕೂಡಿಸಿದೆ. ಜೇವರ್ಗಿಯ ಮಳೆ ಅಫಜಲಪುರದಲ್ಲಿ ಬಿತ್ತು.

ತಿಂಗಳಾದ ಮೇಲೆ ಒಂದು ಸೋಮವಾರ ಬುತ್ತಿ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಸಾಹೇಬರು ಅವನನ್ನು ಬೈಯುತ್ತಿದ್ದರು.

“ಆ ಹತ್ತು ದಿನ ನಾ ಅಫಜಲಪುರದಾಗೇ ಇದ್ದೆ ತಮ್ಮಾ. ಒಂದ್ ಹನಿ ಬಿದ್ದಿಲ್ಲ. ಈ ಮಳಿ ನಿಮ್ಮನಿ ಕೊಡದಾಗಿಂದ ಸುರಿದಿ ಏನು?”

“ನಂದೇ ತಪ್ಪಾಗ್ಯಾದ್ರಿ, ಸಾಹೇಬ್ರ.”

“ಹಂಗಂತ ಬರದ್ ಕೊಡು. ಇನ್ನೊಮ್ಮೆ ಹಿಂಗಾದ್ರ ಮುಂದಿನ ವರ್ಷ ನೀ ಇಲ್ಲಿರಂಗಿಲ್ಲ.”

ಬರೆದುಕೊಟ್ಟ. ತಪ್ಪು ನನ್ನದೆಂದು ಗೊತ್ತಿದ್ದೂ ನಾನು ಬುತ್ತಿಯನ್ನು ಬಾಗಿಲಲ್ಲಿಟ್ಟು ಮನೆಗೆ ಬಂದೆ.

ಆ ವಾರವೇ ಅವನು ಫೈಲನ್ನು ಹೊಸದಾಗಿ ಕಟ್ಟಿದ. ಪ್ರತಿ ಅಂಕಿಯ ಹಿಂದೆ ಅದರ ಊರಿನ ಹೆಸರು. ಅಳೆಯದ ದಿನಕ್ಕೆ ಖಾಲಿ ಜಾಗವಲ್ಲ, ಒಂದು ಅಡ್ಡಗೆರೆ. ನಡುವಿನ ಜಾಗ ಹೆಚ್ಚು ಕಡಿಮೆಯಾದರೂ ಕಂಪ್ಯೂಟರ್ ಹೆಸರು ನೋಡಿ ಓದಿಕೊಳ್ಳುತ್ತಿತ್ತು. ಹೆಸರೇ ಬಿಟ್ಟುಹೋದರೆ ಇಂಥ ಸಾಲು ನೋಡು ಎಂದು ತೋರಿಸಿ ನಿಲ್ಲುತ್ತಿತ್ತು.

“ಈಗ ಬೇಕಾದಂಗ ಎಳಿ, ಯಕ್ಕಾ. ಮಳಿ ಊರು ಬಿಟ್ಟು ಹೋಗಂಗಿಲ್ಲ.”

ನನ್ನ ಬೆರಳು ಅಲ್ಲೇ ನಿಂತವು. “ನಿನಗ ಗೊತ್ತಿತ್ತಾ?”

“ಹತ್ತೂ ಸಾಲು ಕೌದಿ ತುಂಡಿನಂಗ ಒತ್ತಿ ಕುಂತಿದ್ವು. ನನ್ ಕೈಲೆ ಅಷ್ಟು ಚಂದ ಎಲ್ಲಿ ಬರ್ತದ?”

ಮರುವರ್ಷವೂ ಅವನ ಕೆಲಸ ಉಳಿಯಿತು. ನಾನು ಧೈರ್ಯವಾಗಿ ಒತ್ತಿದೆ, ತಪ್ಪಿದೆ, ತಿದ್ದಿದೆ; ಒಂದು ಅಂಕಿಯೂ ಊರು ಬದಲಿಸಲಿಲ್ಲ. ಅವನು ಬರೆದುಕೊಟ್ಟ ಕಾಗದ ಮಾತ್ರ ಅವನ ಹೆಸರಿನಲ್ಲಿ ಕಚೇರಿಯಲ್ಲೇ ಇತ್ತು. ಸಾಹೇಬರ ಕೋಣೆ ಹತ್ತು ಹೆಜ್ಜೆ ದೂರ. ಪ್ರತಿ ಭಾನುವಾರ ಅದರ ಮುಂದೆಯೇ ಹಾಯ್ದು ಹೋದೆ. ಭಾನುವಾರ ಅವರು ಇರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.