ಕಾಮನಬಿಲ್ಲಿನ ಬೀಜ

ಬೀದಿಯವರಿಗೆಲ್ಲ ಅವಳು ಚಿಮಟಕ್ಕ. ಹುಬ್ಬು ತಿದ್ದುವಂಥ ಸಣ್ಣ ಚಿಮಟವೊಂದು ಸದಾ ಅವಳ ಮೇಲಂಗಿಯ ಜೇಬಿನಲ್ಲಿರುತ್ತಿತ್ತು. ಅದರಿಂದ ಅವಳು ಹುಬ್ಬು ತಿದ್ದಿಕೊಂಡದ್ದನ್ನು ಮಾತ್ರ ಯಾರೂ ನೋಡಿಲ್ಲ. ಹೆಸರಿಟ್ಟವರು ಅಣ್ಣನ ಮಕ್ಕಳು. ಮೊದಮೊದಲು ರೇಗುತ್ತಿದ್ದಳು, ಅಂಚೆಯವನೂ ಹಾಗೇ ಕೂಗತೊಡಗಿದ ಮೇಲೆ ಸುಮ್ಮನಾದಳು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅವಳ ಉತ್ತರ ಸಿದ್ಧವಾಗಿತ್ತು. "ಗಂಡುಗಳೆಲ್ಲ ಮೊಗ್ಗು ಬಿಡೋ ಕಾಲದಲ್ಲೇ ಬರ್ತಿದ್ರು. ನನಗೆ ಪುರುಸೊತ್ತೆಲ್ಲಿತ್ತು?"

ಮುಂದೆ ಅಣ್ಣನ ಹೂಕುಂಡದ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಅವಳ ಗಾಜಿನ ಮನೆ. ಗಾಜಿನ ಮನೆಗೆ ಬೇರೆ ದಾರಿಯಿರಲಿಲ್ಲ. ಗಿಡವಾಗಲಿ, ಗೊಬ್ಬರದ ಚೀಲವಾಗಲಿ, ಅಡುಗೆಮನೆ ದಾಟಿ, ನಡುಮನೆ ದಾಟಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಣ್ಣನ ಕಣ್ಣೆದುರಿಗೇ ಬೀದಿಗೆ ಹೋಗಬೇಕು. ಚಿಮಟಕ್ಕ ಹೊರಗೆ ಹೊರಟರೂ ಅದೇ ದಾರಿ, ಅದೇ ಕಣ್ಣು.

ಆ ಅಂಗಡಿ ನಿಂತಿದ್ದದ್ದು ಒಂದು ಗಿಡದ ಮೇಲೆ. ಮೆಣಸಿನ ಗಿಡವೇ, ಆದರೆ ತಿನ್ನುವುದಕ್ಕಲ್ಲ, ಕಿಟಕಿಯಲ್ಲಿಟ್ಟು ನೋಡುವುದಕ್ಕೆ. ಮೊಣಕಾಲೆತ್ತರವೂ ಇಲ್ಲದ ಕುಳ್ಳು. ಎಲೆ ಕಪ್ಪು ನೇರಳೆ. ಕಾಯಿಗಳು ಜೋತುಬೀಳದೆ ಮೇಲಕ್ಕೆ ಮುಖ ಮಾಡಿ ಗೊಂಚಲಾಗಿ ನಿಲ್ಲುತ್ತವೆ. ಒಂದೇ ಗೊಂಚಲಿನಲ್ಲಿ ಕೆನೆಬಣ್ಣದ್ದು, ನೇರಳೆಯದು, ಕಿತ್ತಳೆಯದು, ಕೆಂಪನೆಯದು. ಅದಕ್ಕೆ ಕಾಮನಬಿಲ್ಲು ಎಂದು ಹೆಸರಿಟ್ಟವಳೂ ಚಿಮಟಕ್ಕನೇ, ಹುಟ್ಟಿಸಿದವಳೂ ಅವಳೇ. ಕಪ್ಪೆಲೆಯ ಗಿಡವೊಂದರ ಮೊಗ್ಗು ಉಬ್ಬಿ, ನಾಳೆ ಅರಳುತ್ತದೆ ಅನ್ನುವಾಗ ಅದನ್ನು ಮೆಲ್ಲಗೆ ಬಿಡಿಸಿ, ಒಳಗಿನ ಕೇಸರಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು, ಗೊಂಚಲು ಕಾಯಿಯ ಇನ್ನೊಂದು ಗಿಡದ ಪರಾಗವನ್ನು ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟುವುದು. ಉಸಿರು ಜೋರಾಗಿ ಬಿಟ್ಟರೂ ಕೆಡುವ ಕೆಲಸ. ಅಣ್ಣ ಒಮ್ಮೆ ತಾನೇ ಮಾಡುತ್ತೇನೆಂದು ಕೂತ. ಅವನ ಬಾಳೆಕಾಯಿ ಬೆರಳಿಗೆ ಮೊಗ್ಗೂ ಉಳಿಯಲಿಲ್ಲ, ಕೊಂಬೆಯೂ ಉಳಿಯಲಿಲ್ಲ. ಕೆಲಸಕ್ಕೆಂದು ಬಂದ ಇಬ್ಬರು ಮೂವರೂ ಹಾಗೇ ಕೊಂಬೆ ಮುರಿದು, ಕೆಲಸ ಬಿಟ್ಟು ಹೋದರು.

ಒಂದು ಸಲ ಮಾಡಿದರೆ ಮುಗಿಯಿತೇ? ಇಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವ ಗಾದೆಯನ್ನು ಈ ಮಿಶ್ರತಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಮನಬಿಲ್ಲಿನ ಬೀಜ ಬಿತ್ತಿದರೆ ಒಂದು ಉದ್ದಕ್ಕೆ ಬೆಳೆಯುತ್ತದೆ, ಒಂದರ ಎಲೆ ಬರೀ ಹಸಿರು, ಇನ್ನೊಂದರ ಕಾಯಿ ತಲೆ ತಗ್ಗಿಸಿ ನಿಲ್ಲುತ್ತದೆ. ಕಾಮನಬಿಲ್ಲು ಬೇಕಾದರೆ ಪ್ರತಿವರ್ಷ ಹೊಸದಾಗಿ ಕೂಡಿಸಲೇಬೇಕು, ಕೂಡಿಸಲು ಚಿಮಟಕ್ಕನೇ ಬೇಕು. ತಾನು ಹುಟ್ಟಿಸಿದ್ದೇ ತನ್ನ ಕಾಲಿಗೆ ಸುತ್ತಿಕೊಂಡಿತಲ್ಲ ಎಂದು ಅವಳಿಗೆ ಅನ್ನಿಸತೊಡಗಿದ್ದು ಗೆಳತಿ ಬಂದ ಮೇಲೆ.

ಗೆಳತಿ ಬೀದಿಯ ಮೂಲೆಯ ಹೋಟೆಲಿನಲ್ಲಿ ಅಡುಗೆಯವಳು. ಹೋಟೆಲಿನ ಕಿಟಕಿಗೆ ಒಂದು ಕುಂಡ ಕೊಳ್ಳಲು ಬಂದವಳು ಕಾಯಿ ಕಿತ್ತು ಬಾಯಿಗೇ ಹಾಕಿಕೊಂಡಳು. ಕಣ್ಣಲ್ಲಿ ಮೂಗಲ್ಲಿ ನೀರು.

"ಏನೇ ಇದು! ನೋಡೋಕೆ ರಾಣಿ, ತಿಂದ್ರೆ ಬರೀ ಬೆಂಕಿ. ರುಚಿ ಎಲ್ಲಿಟ್ಟಿದೀಯಾ?"

ಆ ಮಾತು ಚಿಮಟಕ್ಕನಿಗೆ ನಾಟಿತು. ಅಂದಿನಿಂದ ಇಬ್ಬರೂ ಅತ್ತಿಗೆಯ ಅಡುಗೆಮನೆಯಲ್ಲಿ ಕೂತು ಕೊಯ್ಯುವುದೇನು, ಹುರಿಯುವುದೇನು. ನೇರಳೆ ಕಾಯಿಯನ್ನು ಬೇಯಿಸಿದರೆ ಬಣ್ಣ ಬಿಟ್ಟು ಬೂದಿ ಹಸಿರಾಗುತ್ತದೆ, ಹಸಿಯದನ್ನು ಸೀಳಿ ವಿನೆಗರಿಗೆ ಹಾಕಿದರೆ ಇಡೀ ಬಾಟಲಿ ಗುಲಾಬಿಯಾಗುತ್ತದೆ, ಕೆಂಪಾದದ್ದನ್ನು ಎಣ್ಣೆಯಲ್ಲಿ ಬಾಡಿಸಿ ಕೊನೆಗೆ ಹಾಕಬೇಕೇ ಹೊರತು ಮೊದಲಿಗಲ್ಲ. ಹೀಗೆ ಒಂದೊಂದೂ ಕೆಮ್ಮಿ ಕೆಮ್ಮಿ ಕಲಿತದ್ದು. ಅತ್ತಿಗೆ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತು, "ನೀವಿಬ್ರೂ ಸೇರಿ ಮನೆಯವರನ್ನೆಲ್ಲ ಓಡಿಸ್ತೀರಾ" ಅನ್ನುತ್ತಿದ್ದಳು. ಆಮೇಲೆ ಅವಳೂ ಒಂದು ಮಣೆ ಎಳೆದುಕೊಂಡು ಕೂರುತ್ತಿದ್ದಳು. ಚಿಮಟಕ್ಕ ಆ ದಿನಗಳಲ್ಲಿ ನಕ್ಕಷ್ಟು ಮತ್ತೆಂದೂ ನಗಲಿಲ್ಲ.

ಕೆಲವು ಕಾಲದ ಮೇಲೆ ಗೆಳತಿ ಸಮುದ್ರದ ದಡದ ಊರಿಗೆ ಹೋಗಿ ತನ್ನದೇ ಹೋಟೆಲು ತೆರೆದಳು. ಮೇಲೆ ದೊಡ್ಡ ತಾರಸಿ. "ನೀನು ಬೆಳಿ, ನಾನು ಬೇಯಿಸ್ತೀನಿ. ಬಂದುಬಿಡೇ" ಎಂದು ಕರೆದಳು. ಚಿಮಟಕ್ಕ ಹುಟ್ಟಿದಾಗಿನಿಂದ ಏನನ್ನೂ ಅಷ್ಟು ಆಸೆಪಟ್ಟಿರಲಿಲ್ಲ. ಅಣ್ಣನ ಮುಂದೆ ಹೋಗಿ ನಿಂತಳು.

ಅಣ್ಣ ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಿ ಹೋಗಬಹುದಿತ್ತು. ಅವನು ನಗುತ್ತಲೇ ಹೇಳಿದ. "ಹೋಗಮ್ಮ, ನಾನೇನು ನಿನ್ನ ಕಟ್ಟಿ ಹಾಕಿದೀನಾ? ನೀನಿಲ್ದಿದ್ರೂ ಬೀಜ ಬಿತ್ತಿದ್ರೆ ಕಾಮನಬಿಲ್ಲೇ ಹುಟ್ಟೋ ಹಾಗೆ ಮಾಡಿಟ್ಟು ಹೋಗು. ಅಷ್ಟೇ ನಾನು ಕೇಳೋದು."

ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಆದರೆ ಆ ಪುಣ್ಯಾತ್ಗಿತ್ತಿ ಅದನ್ನು ನಿಜವಾದ ಮಾತೆಂದೇ ತಿಳಿದಳು. ಗೆಳತಿ ಕೇಳಿದ ರುಚಿಯೂ ಬರಲೆಂದು ಕಾಮನಬಿಲ್ಲಿಗೆ ಘಮಘಮಿಸುವ ಅಡುಗೆ ಮೆಣಸೊಂದನ್ನು ಕೂಡಿಸಿ, ಹುಟ್ಟಿದ ಚಿಲ್ಲರೆ ಸಂತಾನದಲ್ಲಿ ತಾಯಿಯನ್ನು ಹೋಲುವುದನ್ನು ಆರಿಸಿ, ಅದರ ಹೂವಿಗೆ ಬೇರೆ ಪರಾಗ ತಾಗದಂತೆ ತೆಳುಬಟ್ಟೆಯ ಚೀಲ ಕಟ್ಟಿ, ಅದರ ಬೀಜ ಬಿತ್ತಿ, ಮತ್ತೆ ಆರಿಸಿ, ಮತ್ತೆ ಬಿತ್ತಿದಳು. ಒಂದು ತಲೆಮಾರು ಚೆಂದ ಬಂದರೆ ರುಚಿ ಕೆಡುತ್ತಿತ್ತು, ರುಚಿ ಬಂದರೆ ಕಾಯಿ ತಲೆ ತಗ್ಗಿಸುತ್ತಿತ್ತು. ಪ್ರತಿ ಗಿಡದ ಕಾಯಿಯನ್ನೂ ಬೇಯಿಸಿದ ಆಲೂಗಡ್ಡೆಯ ಜೊತೆ ಕಚ್ಚಿ ನೋಡುವಳು. ಕಣ್ಣೀರು ಸುರಿಸುತ್ತ, "ಇದೂ ಅಲ್ಲ" ಎಂದು ಎದ್ದುಹೋಗುವಳು. ಜೊತೆಗೆ ಅಂಗಡಿಯ ಕೆಲಸ ಇದ್ದೇ ಇತ್ತು. ಆ ವರ್ಷದ ಕಾಮನಬಿಲ್ಲನ್ನು ಆ ವರ್ಷ ಕೂಡಿಸಿ ಕೊಡಲೇಬೇಕಿತ್ತು. ಹೀಗೆ ವರ್ಷಗಳು ಹೋದವು. ಗೆಳತಿ ಪ್ರತಿವರ್ಷ ಕರೆಯುವಳು, ಇವಳು ಪ್ರತಿವರ್ಷ "ಇನ್ನೊಂದೇ ಸಲ ಕಣೇ" ಅನ್ನುವಳು.

ಈ ಸಲ ಗೆಳತಿಯ ದನಿ ಬೇರೆಯಾಗಿತ್ತು. "ಇನ್ನು ಕಾಯೋಕಾಗಲ್ಲ ಕಣೇ, ನನಗೂ ಕೈ ಸಾಲ್ತಿಲ್ಲ. ಸೋಮವಾರ ಮಧ್ಯಾಹ್ನ ಫೋನ್ ಮಾಡ್ತೀನಿ. ಬರ್ತೀನಿ ಅಂದ್ರೆ ಬಾ, ಇಲ್ಲಾಂದ್ರೆ ಬೇರೆಯವರನ್ನ ಇಟ್ಕೋತೀನಿ. ಬೇಜಾರ್ ಮಾಡ್ಕೋಬೇಡ."

ಚಿಮಟಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಗಾಜಿನ ಮನೆಯಲ್ಲಿ ಆ ಹೊತ್ತಿಗೆ ಒಂದು ಸಾಲು ಗಿಡ ಕಾಯಿಬಿಟ್ಟು ನಿಂತಿತ್ತು. ಎಲ್ಲ ಒಂದೇ ಎತ್ತರ, ಒಂದೇ ಎಲೆ, ಅದೇ ಗೊಂಚಲು. ಕಾಯಿ ಕಚ್ಚಿದರೆ ಮೊದಲು ಹಣ್ಣಿನಂಥ ಸಿಹಿ, ಆಮೇಲೆ ನಿಧಾನಕ್ಕೆ ಖಾರ. ಹಿಂದಿನ ಸಲವೂ ಹಾಗೇ ಬಂದಿತ್ತು, ಅದರ ಹಿಂದಿನ ಸಲವೂ. ಬ್ಯಾಗಿಗೆ ಬಟ್ಟೆ ತುಂಬಿಟ್ಟು, ಸೋಮವಾರ ಬೆಳಿಗ್ಗೆ ಅಣ್ಣನನ್ನು ಕೈಹಿಡಿದು ಕರೆದುಕೊಂಡು ಬಂದಳು.

ಅಣ್ಣ ಸಾಲಿನ ಈ ತುದಿಯಿಂದ ಆ ತುದಿಗೆ ಹೋದ, ಬಗ್ಗಿ ಬಗ್ಗಿ ನೋಡಿದ. ಒಂದೂ ಬೇರೆ ಸಿಗಲಿಲ್ಲ. ಅವನ ಮುಖ ಅರಳಿತು. "ಭೇಷ್ ಕಣೇ! ಇದರ ಬೀಜ ಹಾಕಿದ್ರೆ ಇದೇ ಬರುತ್ತಾ?"

"ಇದೇ ಬರುತ್ತೆ. ನನ್ನ ಕೈ ಬೇಕಾಗಿಲ್ಲ, ಯಾರು ಬಿತ್ತಿದ್ರೂ ಇದೇ."

"ಯಾರು ಬಿತ್ತಿದ್ರೂನಾ?" ಅಣ್ಣ ನಿಂತ. "ಅಂದ್ರೆ, ಅಂಗಡೀಲಿ ಒಂದು ಕುಂಡ ಕೊಂಡೋರು ಮನೇಲಿ ಬಿತ್ತಿದ್ರೆ?"

"ಇದೇ."

"ಅವರು ಪಕ್ಕದ ಮನೆಯವರಿಗೆ ನಾಲ್ಕು ಬೀಜ ಕೊಟ್ರೆ?"

"ಇದೇ" ಎಂದಳು, ಸ್ವಲ್ಪ ತಡವಾಗಿ.

ಅಣ್ಣ ಬೋರಲು ಹಾಕಿದ್ದ ಕುಂಡದ ಮೇಲೆ ಕುಸಿದು ಕೂತ. "ಹಾಗಾದ್ರೆ ಮುಂದಿನ ವರ್ಷ ನಮ್ಮಂಗಡಿಗೆ ಯಾರೇ ಬರ್ತಾರೆ?"

ಇಷ್ಟು ವರ್ಷ ಇಬ್ಬರಿಗೂ ಹೊಳೆಯದಿದ್ದದ್ದು ಇದು. ಅವಳ ಕೈ ಬೇಡದ ಬೀಜಕ್ಕೆ ಅಂಗಡಿಯೂ ಬೇಡ.

"ಅಣ್ಣಾ, ಮಾಡಿಟ್ಟು ಹೋಗು ಅಂದೋನು ನೀನೇ ತಾನೇ?"

"ಆಗೋ ಕೆಲಸ ಅಲ್ಲ ಅಂದ್ಕೊಂಡು ತಾನೇ ಹೇಳಿದ್ದು!" ಅಂದುಬಿಟ್ಟ. ಅಂದ ಮೇಲೆ ನೆಲ ನೋಡಿದ. ಅವನ ಕಿವಿ ಕೆಂಪಾಗಿತ್ತು. ಆಗಲೇಬೇಕು, ಮರ್ಯಾದಸ್ಥ ನೋಡಿ. ಕಡೆಗೆ ಎದ್ದು, ಅವಳ ಮುಖ ನೋಡದೆ ಹೇಳಿದ. "ಇವನ್ನ ಹೊರಗೆ ಬಿಡಬೇಡ, ಮನೆ ಅಡುಗೆಗೆ ಇಟ್ಕೋ. ಆ ಕಡೆ ಕಪ್ಪೆಲೆ ತಾಯಿ ಗಿಡಗಳು ಮೊಗ್ಗಿಗೆ ಬಂದಿವೆ. ಈ ಸಲದ್ದು ಮುಗಿಸು, ಆಮೇಲೆ ನೋಡೋಣ."

ಚಿಮಟಕ್ಕ ಅಳಲಿಲ್ಲ. ಒಂದು ಬೊಗಸೆ ಕಾಯಿ ಕಿತ್ತು ಅಡುಗೆಮನೆಗೆ ಬಂದು ಎಣ್ಣೆಯಲ್ಲಿ ಬಾಡಿಸಿ, ಉಪ್ಪು ಹಾಕಿ, ಬ್ರೆಡ್ಡಿನ ಜೊತೆ ತಿಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗಿಲ್ಲ; ಬಂತು, ತುಂಬ ರುಚಿಯಾಗಿತ್ತು. ಎಲ್ಲ ಕೇಳಿಸಿಕೊಂಡಿದ್ದ ಅತ್ತಿಗೆ ಒಲೆ ಆರಿಸಿ ಎದುರಿಗೆ ಬಂದು ಕೂತಳು.

"ನನ್ನನ್ನೂ ಹೊಲಿಗೆ ಶಾಲೆಗೆ ಮೇಡಂ ಆಗೋಕೆ ಕರೆದಿದ್ರು. ಮಗೂಗೆ ಹಲ್ಲು ಬರ್ಲಿ, ಆಮೇಲೆ ಹೋಗ್ತೀನಿ ಅಂದೆ. ಈಗ ಅವನಿಗೆ ಮೀಸೆ ಬಂದಿದೆ." ಎದ್ದು ಬ್ಯಾಗು ತಂದು ಅವಳ ಕಾಲ ಬಳಿ ಇಟ್ಟಳು. "ಹೋಗು. ಈಗಲೇ. ಅವರನ್ನ ನಾನು ನೋಡ್ಕೋತೀನಿ."

ಚಿಮಟಕ್ಕ ಬ್ಯಾಗಿನ ಹಿಡಿ ಹಿಡಿದಳು. ಅಂಗಡಿಯಲ್ಲಿ ಅಣ್ಣ ಇರಲಿಲ್ಲ, ಮುಖ ತೋರಿಸಲಾರದೆ ಎಲ್ಲೋ ಹೋಗಿದ್ದ. ಬೀದಿಯವರೆಗೆ ದಾರಿ ಖಾಲಿಯಿತ್ತು. ಹಿಂದೆ ಗಾಜಿನ ಮನೆಯಲ್ಲಿ ಮೊಗ್ಗುಗಳು ಉಬ್ಬಿದ್ದವು. ಇವತ್ತು ಮುಟ್ಟದಿದ್ದರೆ ನಾಳೆ ತಾವೇ ಅರಳಿಬಿಡುತ್ತವೆ, ಆಮೇಲೆ ಈ ವರ್ಷಕ್ಕೆ ಅಂಗಡಿಯಿಲ್ಲ. ಅಂಗಡಿಯಿಲ್ಲ ಅಂದರೆ ಎದುರಿಗೆ ನಿಂತ ಈ ಅತ್ತಿಗೆಗೂ ಅನ್ನವಿಲ್ಲ.

"ಇವತ್ತಿನ ಮೊಗ್ಗು ಮಾತ್ರ ಮುಗಿಸ್ತೀನಿ ಅತ್ತಿಗೆ."

ಅತ್ತಿಗೆ ಅವಳ ತಟ್ಟೆ ತೆಗೆದುಕೊಂಡು ತೊಳೆಯಲು ಹೋದಳು.

ಮಧ್ಯಾಹ್ನ ಅಡುಗೆಮನೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. "ನಿನ್ನ ಗೆಳತಿ ಕಣೇ! ಎತ್ತಿ ಏನು ಹೇಳ್ಲಿ?" ಅತ್ತಿಗೆ ಕೂಗಿದಳು. ಚಿಮಟಕ್ಕ ಅರ್ಧ ಬಿಡಿಸಿದ ಮೊಗ್ಗಿನ ಮೇಲೆ ಉಸಿರು ಬಿಗಿಹಿಡಿದು ಬಾಗಿದ್ದಳು. ಕೊನೆಯ ಕೇಸರ ಕಿತ್ತಾದ ಮೇಲೆ ಉಸಿರು ಬಿಟ್ಟಳು.

"ಎತ್ತಬೇಡಿ ಅತ್ತಿಗೆ" ಎಂದಳು.