ಮಾರುವ ಮನೆಯ ಸಿಂಗಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ದೊಡ್ಡವರು. ಮನೆ ಮಾರಿ ನೋಡು ಎಂದು ಯಾರೂ ಹೇಳಲಿಲ್ಲ. ಬಹುಶಃ ಮಾರಿದವರಿಗೆ ಗಾದೆ ಕಟ್ಟುವಷ್ಟು ತ್ರಾಣ ಉಳಿದಿರಲಿಲ್ಲ.

ಮಲ್ಲೇಶ್ವರದ ನಮ್ಮ ಮನೆಯನ್ನು ಮಾರಲು ಅಣ್ಣ ಮತ್ತು ನಾನು ತೀರ್ಮಾನಿಸಿದ್ದು ಅಮ್ಮ ಹೋದ ಮರುವರ್ಷ, ಹೊಸ ಶತಮಾನದ ಮೊದಮೊದಲಲ್ಲಿ. ಅಣ್ಣ ಮದುವೆಯಾದ ಮೇಲೆ ರಾಜಾಜಿನಗರದಲ್ಲಿ ಬೇರೆ ಮನೆ ಮಾಡಿದ್ದ. ಹಳೆಯ ಮನೆಯಲ್ಲಿ ಉಳಿದವಳು ನಾನು: ನಲವತ್ತೇಳು ವರ್ಷ, ಮಾಧ್ಯಮಿಕ ಶಾಲೆಯ ಟೀಚರು, ಮದುವೆಯಾಗಿಲ್ಲ. ಮಾರೋಣ ಎಂದಾಗ ನಾನು ಅಡ್ಡ ಬರಲಿಲ್ಲ. ನಿಜ ಹೇಳಬೇಕೆಂದರೆ ಅಣ್ಣನಿಗಿಂತ ಅವಸರ ನನಗೇ ಇತ್ತು. ಆರು ಕೋಣೆ ಗುಡಿಸಿ, ಒರೆಸಿ, ಮಳೆಗಾಲದಲ್ಲಿ ಸೋರುವ ಕಡೆಗೆಲ್ಲ ಬಕೆಟ್ಟು ಇಟ್ಟು ಸಾಕಾಗಿ ಹೋಗಿತ್ತು. ಶೇಷಾದ್ರಿಪುರದಲ್ಲಿ, ಶಾಲೆಗೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ, ಎರಡು ರೂಮಿನ ಒಂದು ಪುಟ್ಟ ಮನೆ ನೋಡಿಟ್ಟಿದ್ದೆ. ಅದರ ಒಡತಿ ನನ್ನ ಜೊತೆ ಪಾಠ ಮಾಡಿದವರು. ಯುಗಾದಿಯವರೆಗೆ ಬೇರೆಯವರಿಗೆ ಮಾರುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಅಷ್ಟರೊಳಗೆ ನಮ್ಮ ಮನೆ ಹೋಗಬೇಕಿತ್ತು. ಹೋಗದಿದ್ದರೆ ಆ ಎರಡು ರೂಮೂ ಕೈತಪ್ಪುತ್ತಿತ್ತು.

ಮೊದಲು ನೋಡಲು ಬಂದ ದಂಪತಿಗೆ ಬಾಗಿಲು ತೆಗೆದವಳು ನಾನು. ಹೆಂಡತಿ ಒಳಗೆ ಕೂತವರೇ, "ನಿಮ್ಮ ಯಜಮಾನ್ರು ಎಲ್ಲಿ?" ಎಂದು ಕೇಳಿದರು. ನನಗೆ ಮದುವೆಯಾಗಿಲ್ಲ ಎಂದೆ. ಆಕೆ ಗಂಡನ ಮುಖ ನೋಡಿದರು, ಗಂಡ ಮೇಲೆ ತಾರಸಿ ನೋಡಿದ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಎರಡನೆಯವರದೂ ಹೆಚ್ಚುಕಡಿಮೆ ಅದೇ ಕಥೆ. ಸೋರುವ ತಾರಸಿ ನೋಡಿ ಹೋದರೋ, ನನ್ನನ್ನು ನೋಡಿ ಹೋದರೋ, ದೇವರಿಗೇ ಗೊತ್ತು.

ಬ್ರೋಕರ್‌ಗೆ ಮಾತ್ರ ಅನುಮಾನವಿರಲಿಲ್ಲ. ಕಂಕುಳಲ್ಲಿ ಸದಾ ಒಂದು ರೆಕ್ಸಿನ್ ಬ್ಯಾಗು ಇಟ್ಟುಕೊಂಡಿರುತ್ತಿದ್ದ ಆತ, ನಾನು ಅಲ್ಲೇ ಕೂತಿದ್ದರೂ, ಅಣ್ಣನ ಕಡೆ ತಿರುಗಿಯೇ ಮಾತಾಡಿದ. "ತಪ್ಪು ತಿಳ್ಕೋಬೇಡಿ ಸಾರ್. ಜನ ಗೋಡೆ ನೋಡಿ ಮನೆ ತಗೊಳಲ್ಲ, ಬಾಳಿದವರನ್ನ ನೋಡಿ ತಗೋತಾರೆ. ಹಾಲ್‌ಗೆ ಕಾಲಿಟ್ಟ ತಕ್ಷಣ ಸಂಸಾರಸ್ಥರ ಮನೆ ಅನ್ನಿಸ್ಬೇಕು. ಭಾನುವಾರ ನಿಮ್ಮ ಮಿಸೆಸ್ ಬಂದು ಬಾಗಿಲಲ್ಲಿ ನಿಂತ್ಕೊಂಡು ಬನ್ನಿ ಅಂದ್ರೆ ಸಾಕು. ಮೇಡಂ ಸ್ವಲ್ಪ ಒಳಗಿದ್ರೆ ಒಳ್ಳೇದು."

ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ನಾನೇ "ಆಗಲಿ" ಎಂದೆ.

ಆಮೇಲೆ ಶುರುವಾಯಿತು ಪ್ರತಿ ಭಾನುವಾರದ ಸಿಂಗಾರ. ಹಾಲ್‌ನಲ್ಲಿ ಹಳೆಯ ಸೋಫಾ ಒಂದು ಬಿಟ್ಟರೆ ಇದ್ದುದೆಲ್ಲ ನನ್ನ ಸಾಮಾನು: ನಾನು ಮಲಗುತ್ತಿದ್ದ ಮಂಚ, ಹೊಲಿಗೆ ಯಂತ್ರ, ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು ತುಂಬಿದ ಮೇಜು. ಬೆಳಗಿನ ಕಾಫಿ ಆದ ಕೂಡಲೇ ಎಲ್ಲವನ್ನೂ ಉಗ್ರಾಣಕ್ಕೆ ಎಳೆಯುವುದು. ಅಣ್ಣ, ಅತ್ತಿಗೆ ಆಟೋದಲ್ಲಿ ಸಂಸಾರ ತಂದು ಇಳಿಸುವುದು. ಸೋಫಾದ ಹೊದಿಕೆ, ಪ್ಲಾಸ್ಟಿಕ್ ಹೂವು, ಮಗ ಓಟದಲ್ಲಿ ಗೆದ್ದ ಎರಡು ಕಪ್ಪು, ಒಂದು ಮೀನಿನ ತೊಟ್ಟಿ. ತೊಟ್ಟಿ ಈಶಾನ್ಯದಲ್ಲೇ ಇರಬೇಕೆಂದು ಬ್ರೋಕರ್ ಹೇಳಿದ್ದ. ರಾಜಾಜಿನಗರದಿಂದ ಮಲ್ಲೇಶ್ವರಕ್ಕೆ ಪ್ರತಿ ವಾರ ಓಡಾಡಿ ಆ ಮೀನುಗಳೂ ನನ್ನಷ್ಟೇ ಸುಸ್ತಾಗಿದ್ದವು. ತೀರಿಕೊಂಡವರ ಫೋಟೋ ಹಾಲ್‌ನಲ್ಲಿ ಬೇಡ ಎಂದೂ ಬ್ರೋಕರ್ ಹೇಳಿದ್ದರಿಂದ ಅಮ್ಮನನ್ನು ಇಳಿಸಿ, ಅದೇ ಮೊಳೆಗೆ ಅಣ್ಣ ಅತ್ತಿಗೆಯ ಮದುವೆ ಫೋಟೋ ತಗುಲಿಸಿದೆವು.

ಇದೇ ಹಾಲ್ ಇದಕ್ಕೂ ಮೊದಲು ಎಷ್ಟೋ ಸಲ ಸಿಂಗಾರವಾಗಿತ್ತು. ನನ್ನ ಇಪ್ಪತ್ತೆರಡರಿಂದ ಮೂವತ್ತರವರೆಗೆ ಗಂಡಿನ ಕಡೆಯವರು ಬರುತ್ತಿದ್ದರು. ಪಕ್ಕದ ಮನೆಯ ಕುರ್ಚಿ ತರುತ್ತಿದ್ದೆವು, ಜಮಖಾನ ಹಾಸುತ್ತಿದ್ದೆವು, ಉಪ್ಪಿಟ್ಟು ಕೇಸರಿಭಾತು ಮಾಡುತ್ತಿದ್ದೆವು. ಆಗ ನನ್ನನ್ನು ಒಳಗಿನಿಂದ ಹಾಲ್‌ಗೆ ಕರೆಯುತ್ತಿದ್ದರು. ಈಗ ಹಾಲ್‌ನಿಂದ ಒಳಗೆ ಕಳಿಸುತ್ತಿದ್ದರು. ಎರಡಕ್ಕೂ ಒಳ್ಳೆಯ ಸೀರೆಯನ್ನೇ ಉಟ್ಟೆ.

ಭಾನುವಾರ ರಾಹುಕಾಲ ನಾಲ್ಕೂವರೆಗೆ. ಅದರೊಳಗೆ ಬರುವವರೆಲ್ಲ ಬಂದು ಹೋಗುತ್ತಿದ್ದರು. ನಾಲ್ಕೂವರೆಯ ಮೇಲೆ ಮತ್ತೆ ಮಂಚ ಎಳೆಯುವುದು, ಮೇಜು ಎಳೆಯುವುದು, ಅಮ್ಮನನ್ನು ಗೋಡೆಗೇರಿಸುವುದು. ಏಳನೇ ತರಗತಿಯ ಅರ್ಧವಾರ್ಷಿಕ ಪತ್ರಿಕೆಗಳ ಮೇಲೆ ಒಂದು ವಾರ ಸಾರಿನ ಪುಡಿ ಚೆಲ್ಲಿತು. ಸೋಮವಾರ ಮಕ್ಕಳು ಪತ್ರಿಕೆ ಮೂಸಿ ಮೂಸಿ ನಕ್ಕರು. ನಗಲಿ ಎಂದು ಬಿಟ್ಟೆ, ಗದರಿಸಲೂ ಶಕ್ತಿ ಇರಲಿಲ್ಲ.

ಹೀಗೆ ಶಿವರಾತ್ರಿ ಹತ್ತಿರ ಬಂತು. ಆ ಭಾನುವಾರ ಒಬ್ಬ ವ್ಯಾಪಾರಸ್ಥ ತಾಯಿಯನ್ನು ಕರೆದುಕೊಂಡು ಕಾರಿನಲ್ಲಿ ಬಂದ. ಮಗ ಸೋಫಾದ ಮೇಲೆ ಕೂತು ಅಣ್ಣನ ಜೊತೆ ಮಾತಿಗಿಳಿದ. ತಾಯಿ ಕೂರಲಿಲ್ಲ. ಹಳ್ಳಿಯ ನೆಲ ತುಳಿದ ಗಟ್ಟಿ ಕಾಲು, ದೊಡ್ಡ ಕುಂಕುಮ. ಮೀನು, ಕಪ್ಪು, ಹೂವು ಯಾವುದರ ಕಡೆಗೂ ತಿರುಗದೆ ಹಿತ್ತಲಿಗೆ ಹೋಗಿ ಬಾವಿ ಬಗ್ಗಿ ನೋಡಿ, ನೇರ ಅಡುಗೆಮನೆಗೆ ಬಂದರು. ಅತ್ತಿಗೆ ಹಿಂದೆಯೇ ಓಡಿ ಬಂದಳು. ನಾನು ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದೆ.

"ಇವರ್ಯಾರು?" ಎಂದು ಕೇಳಿದರು ಅಜ್ಜಿ.

ಅತ್ತಿಗೆಗೆ ಗಾಬರಿಯಾಯಿತು. "ಇವರು... ಅಡುಗೆಗೆ ಬರ್ತಾರೆ" ಎಂದುಬಿಟ್ಟಳು.

ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು. ಬಾಯಿ ತೆರೆದರೆ ಅತ್ತಿಗೆಯ ಮಾನ ಹೋಗುತ್ತಿತ್ತು, ಮನೆಯೂ ಹೋಗದೆ ಉಳಿಯುತ್ತಿತ್ತು, ಶೇಷಾದ್ರಿಪುರದ ಎರಡು ರೂಮು ಬೇರೆಯವರ ಪಾಲಾಗುತ್ತಿತ್ತು. ಅಜ್ಜಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದರು.

"ಚೆನ್ನಾಗಿ ಮಾಡ್ತೀಯ. ನಾವು ಬಂದ್ಮೇಲೂ ಬರ್ತೀಯಾ ತಾಯಿ?"

"ನೋಡೋಣಮ್ಮ" ಎಂದೆ.

ಅವರು ಹೋದ ಮೇಲೆ ಅತ್ತಿಗೆ ನನ್ನ ಕೈ ಹಿಡಿದುಕೊಂಡು ಅತ್ತಳು. "ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಕಣೇ, ಬೇಜಾರ್ ಮಾಡ್ಕೋಬೇಡ." ಸಮಾಧಾನ ಮಾಡುವ ಕೆಲಸವೂ ನನ್ನ ಪಾಲಿಗೇ ಬಂತು. ಅವಳಿಗೆ ಕಾಫಿ ಮಾಡಿಕೊಟ್ಟು, ಮಂಚ ಎಳೆದುಕೊಂಡೆ. ಎರಡು ದಿನದಲ್ಲಿ ಬ್ರೋಕರ್ ಕುಣಿಯುತ್ತಾ ಬಂದ. ಅಜ್ಜಿಗೆ ಮನೆ ಒಪ್ಪಿಗೆಯಾಗಿತ್ತು. ಕರಾರು ಪತ್ರಕ್ಕೆ ಅಣ್ಣ ನನ್ನ ಸಹಿಯನ್ನು ಮನೆಗೇ ಬಂದು ಹಾಕಿಸಿಕೊಂಡು ಹೋದ. ಪತ್ರದಲ್ಲಿ ತಂಗಿಯ ಹೆಸರಿತ್ತು, ಆ ತಂಗಿ ಎಲ್ಲಿರುತ್ತಾಳೆ ಎಂದು ಅವರ ಕಡೆಯವರು ಕೇಳಿರಲಿಲ್ಲ.

ನಾವು ಮೂವರೂ ಓದಿದವರು. ಅರ್ಧ ಪಾಲಿನವಳನ್ನು ಅಡುಗೆಯವಳು ಎಂದು ತೋರಿಸಿದರೆ ರಿಜಿಸ್ಟ್ರೇಷನ್ ದಿನ ಏನು ಮಾಡುವುದೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅಜ್ಜಿ ಮೊದಲೇ ಬಂದು ಕೂತಿದ್ದರು. ಮನೆ ಅವರ ಹೆಸರಿಗೇ ಆಗುವುದಿತ್ತು. ನನ್ನನ್ನು ಕಂಡು ಮುಖ ಅರಳಿಸಿ, "ನಿನ್ನೂ ಕರ್ಕೊಂಡ್ ಬಂದ್ರಾ? ಒಳ್ಳೇದಾಯ್ತು ಬಿಡು" ಎಂದರು. ಅತ್ತಿಗೆ ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದಳು. ಅಣ್ಣ ಗೋಡೆಯ ಮೇಲಿನ ಸ್ಟಾಂಪ್ ಡ್ಯೂಟಿಯ ಫಲಕವನ್ನು ಪರೀಕ್ಷೆಗೆ ಓದುವವನಂತೆ ಓದಿದ.

ಗುಮಾಸ್ತ ಅಣ್ಣನ ಸಹಿ ಮುಗಿಸಿ ನನ್ನ ಹೆಸರು ಕೂಗಿದ. ಎದ್ದು ಹೋದೆ. ಪ್ರತಿ ಹಾಳೆಗೂ ಸಹಿ ಹಾಕಿದೆ, ಹೆಬ್ಬೆಟ್ಟು ಒತ್ತಿದೆ. ತಿರುಗಿ ಬಂದಾಗ ಅಜ್ಜಿ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು.

"ನೀವು ಇವರ ತಂಗಿನಾ?"

"ಹೌದಮ್ಮ."

"ಮತ್ತೆ ಅಡುಗೆಯವರು ಅಂದ್ರಲ್ಲ ಅವತ್ತು?"

"ಅಡುಗೆ ನಾನೇ ಮಾಡ್ತಿದ್ದೆ. ಮನೇಲಿ ನಾನೊಬ್ಬಳೇ ಇದ್ದಿದ್ದು. ಮದುವೆ ಆಗಿಲ್ಲ ಅಂತ ಗೊತ್ತಾದ್ರೆ ನೀವು ಬೇಡ ಅಂತೀರೇನೋ ಅಂತ..."

ಅಜ್ಜಿ ನನ್ನ ಹೆಬ್ಬೆಟ್ಟಿನ ಮಸಿ ನೋಡಿದರು. "ನಾನು ಒಪ್ಪಿದ್ದು ಬಾವಿ ನೋಡಿ ಕಣಮ್ಮ. ಹಾಲ್‌ನಲ್ಲಿ ಏನಿತ್ತು ಅಂತಾನೂ ನಂಗೆ ನೆನಪಿಲ್ಲ. ನಿಮಗೆ ಮದುವೆ ಆದ್ರೆ ನಂಗೇನು, ಆಗ್ದಿದ್ರೆ ನಂಗೇನು?"

ಅವಮಾನವಾಯಿತು. ಅಡುಗೆಯವಳು ಎಂದು ಕರೆಸಿಕೊಂಡಾಗ ಆಗದಷ್ಟು ಅವಮಾನ. ಬ್ರೋಕರ್ ಹೇಳಿದ, ಅಣ್ಣ ಸುಮ್ಮನಿದ್ದ, ಅತ್ತಿಗೆ ಗಾಬರಿಬಿದ್ದಳು, ಎಲ್ಲ ನಿಜ. ಆದರೆ "ಆಗಲಿ" ಎಂದ ಬಾಯಿ ನನ್ನದು.

"ಈಗ ಎಲ್ಲಿಗೆ ಹೋಗ್ತೀರಿ? ಅಣ್ಣನ ಮನೆಗಾ?" ಎಂದು ಕೇಳಿದರು ಅಜ್ಜಿ.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಹೂಂ, ನಮ್ ಜೊತೇನೇ ಇರ್ತಾಳೆ" ಎಂದ. ಸಹಿ ಆಗಿತ್ತು, ಮನೆ ಮಾರಾಟವಾಗಿತ್ತು. ಇನ್ನು ಯಾರಿಗೆ ತೋರಿಸಲು ಹಾಗೆ ಹೇಳಿದನೋ.

"ಇಲ್ಲಮ್ಮ," ಎಂದೆ. "ಶೇಷಾದ್ರಿಪುರದಲ್ಲಿ ಮನೆ ತಗೋತಿದೀನಿ. ಒಬ್ಬಳೇ ಇರ್ತೀನಿ."